ಗಂಗವ್ವ ತಲಿ ಮ್ಯಾಲ

ಕಲಬುರಗಿ ಸ್ಟೇಶನ್ನಿನಲ್ಲಿ ರೈಲು ಹತ್ತುವ ಮೊದಲೇ ಅಕ್ಕ ಸೆರಗಿನ ತುದಿಗೆ ಐದು ರೂಪಾಯಿಯ ನಾಣ್ಯವೊಂದನ್ನು ಗಂಟು ಕಟ್ಟಿಕೊಂಡಿದ್ದಳು. ಗಂಗೆಗೆ ಹಾಕುವ ನಾಣ್ಯ. ದಾರಿಯುದ್ದಕ್ಕೂ ಅವಳು ನೀರಿನ ಬಾಟಲಿ ಮರೆತಳು, ಚಪ್ಪಲಿ ಮರೆತಳು, ಭಾವನ ಬಿಪಿ ಗುಳಿಗೆ ಎಲ್ಲಿಟ್ಟೆನೆಂಬುದನ್ನೂ ಮರೆತಳು. ಆ ಗಂಟನ್ನು ಮಾತ್ರ ತಾಸಿಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅಕ್ಕನಿಗೆ ಕಾಶಿಗೆ ಹೋಗುವ ಆಸೆಯಿತ್ತು. ಭಾವನ ತಲೆಯಲ್ಲಿ ಕಲ್ಕತ್ತಾ ಕೂತಿತ್ತು. “ಕಾಶಿಗಿ ಊರ ಮಂದಿಯೆಲ್ಲಾ ಹೋಗಿ ಬಂದಾರ. ಕಲ್ಕತ್ತಾದಾಗ ಗಂಗಿ ತಳಗ ರೈಲ ಓಡಲಕತ್ತದಂತ. ಅದನ್ನ ನೋಡಿ ಬಂದವ್ರ ಆಳಂದದಾಗ ಯಾರ ಅದಾರ, ತೋರಸು” ಎಂದು ಭಾವ ಪಟ್ಟು ಹಿಡಿದ. ಹೂಗ್ಲಿಯೂ ಗಂಗೆಯದೇ ಕವಲು, ಅಲ್ಲಿ ಮಿಂದರೂ ಪುಣ್ಯ ಬರುತ್ತದೆ ಎಂದು ನಾನು ನಡುವೆ ಬಾಯಿ ಹಾಕಿದ್ದೇ ತಪ್ಪಾಯಿತು. ನನ್ನನ್ನೂ ಹೊರಡಿಸಿದರು. ನನಗೆ ಹಿಂದಿ ಬರುತ್ತದೆಂಬುದು ಅವರ ನಂಬಿಕೆ. ಬರುವುದು ನಮ್ಮ ಕಲಬುರಗಿಯ ದಖನಿ.

ನಾವು ಹುಟ್ಟಿದ್ದು ಅಫಜಲಪುರ ತಾಲೂಕಿನ ಭೀಮಾ ದಂಡೆಯ ಹಳ್ಳಿಯಲ್ಲಿ. ಅಕ್ಕನನ್ನು ಆಳಂದದ ಕಡೆ ಕೊಟ್ಟರು. ನಾನು ಮಾಸ್ತರಿಕೆ ಮಾಡುತ್ತ ಜೇವರ್ಗಿಯಲ್ಲಿ ಬೇರು ಬಿಟ್ಟೆ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಕೂಡಿ, ಆ ನೀರು ಮುಂದೆ ಜೇವರ್ಗಿ ಸೀಮೆಗೆ ಬರುತ್ತದೆ. ಅಕ್ಕನ ಮನೆಯ ಸುದ್ದಿ ನನಗೆ ಹೊಳೆಯೇ ತಂದು ಮುಟ್ಟಿಸುತ್ತದೆಂದು ನಾವು ನಗೆಯಾಡುವುದುಂಟು. ಹೊಳೆಯೆಂದರೆ ನಮಗೆ ಭೀಮೆಯೇ. ಬೇಸಿಗೆಯಲ್ಲಿ ಅಲ್ಲಲ್ಲಿ ಮಡುಗಟ್ಟಿ ನಿಲ್ಲುತ್ತಾಳೆ. 2020ರ ಅಕ್ಟೋಬರಿನಂತೆ ಸಿಟ್ಟಿಗೆದ್ದರೆ ಊರೊಳಗೇ ನುಗ್ಗುತ್ತಾಳೆ. ಅವಳನ್ನು ನಾವು ಹರಗೋಲಿನಲ್ಲಿ ದಾಟಿದ್ದೇವೆ, ಎಮ್ಮೆಯ ಬಾಲ ಹಿಡಿದು ದಾಟಿದ್ದೇವೆ, ಕಟ್ಟಿಸಂಗಾವಿಯ ಸೇತುವೆಯ ಮೇಲೆ ಬಸ್ಸಿನಲ್ಲಿ ಕೂತು ದಾಟಿದ್ದೇವೆ. ಎಲ್ಲವೂ ಮೇಲಿನಿಂದಲೇ. ಹೊಳೆಯ ಕೆಳಗೆ ಹೋದವರು ಯಾರೂ ನಮ್ಮೂರಲ್ಲಿ ತಿರುಗಿ ಬಂದದ್ದಿಲ್ಲ.

ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಉಳಿದ ಕಟಕರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಂಡು 2025ರ ಜನವರಿಯ ಮೊದಲ ವಾರ ಹೊರಟೆವು. ಸಿಕಂದರಾಬಾದಿಗೆ ಹೋಗಿ ಅಲ್ಲಿ ಫಲಕ್‌ನುಮಾ ಎಕ್ಸ್‌ಪ್ರೆಸ್ ಹಿಡಿಯಬೇಕು. ಹೌರಾ ಅಲ್ಲಿಂದ ಇನ್ನೂ ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆ.

ನಮ್ಮ ಎದುರಿನ ಸೀಟಿಗೆ ಬಂದು ಕೂತ ಹಿರಿಯರು ಬುತ್ತಿಯ ವಾಸನೆಗೇ ನಮ್ಮನ್ನು ಗುರುತು ಹಿಡಿದರು. ವಾಡಿಯವರು. ರೈಲ್ವೆಯಲ್ಲಿ ಹಳಿ ಕಾಯುವ ಕೀಮ್ಯಾನ್ ಆಗಿದ್ದು ನಿವೃತ್ತರಾದವರು, ಖರಗಪುರದಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಅರ್ಧ ರೊಟ್ಟಿ ಮುರಿಯುವಷ್ಟರಲ್ಲಿ ಬಳಗವಾದರು. ನಾವು ಗಂಗೆಯ ಕೆಳಗಿನ ರೈಲು ನೋಡಲು ಹೊರಟವರೆಂದು ಕೇಳಿ, “ಅಲ್ಲಿ ಸುರಂಗದಾಗ ನೀಲಿ ದೀಪ ಹಚ್ಚ್ಯಾರಂತ, ನೋಡಿ ಬರ್ರಿ” ಎಂದರು.

ಅದು ನನ್ನೊಳಗೆ ಹಳೆಯ ಪ್ರಶ್ನೆಯೊಂದನ್ನು ಕೆದಕಿತು. ಕಲಬುರಗಿಯಿಂದ ಬೀದರಿಗೆ ರೈಲು ಬಂದದ್ದು 2017ರ ಅಕ್ಟೋಬರ್ 29ರಂದು. ಅದರ ಹೊಸತಿನಲ್ಲಿ, ಬರಿಯ ಹುರುಪಿಗೆ, ಟಿಕೆಟ್ ತೆಗೆಸಿ ಬೀದರಿನವರೆಗೆ ಹೋಗಿ ಬಂದಿದ್ದೆ. ಮರಗುತ್ತಿಯ ಹತ್ತಿರ ಗುಡ್ಡ ಕೊರೆದ ಒಂದೂವರೆ ಕಿಲೋಮೀಟರಿಗೂ ಮಿಕ್ಕಿದ ಸುರಂಗವಿದೆ. ಹೊರಗಿನ ಕೆಂಪು ನೆಲ, ಕುರಿ, ಜೋಳದ ಹೊಲ ಎಲ್ಲ ಒಮ್ಮೆಲೇ ಮಾಯವಾಗಿ ಕಿಟಕಿಯ ಗಾಜಿನಲ್ಲಿ ನನ್ನದೇ ಮುಖ ನನ್ನನ್ನು ನೋಡುತ್ತಿತ್ತು. ಇಷ್ಟು ಖರ್ಚು ಮಾಡಿ ಗುಡ್ಡ ಕೊರೆದವರು ಒಳಗೆ ಝಗಝಗ ದೀಪ ಯಾಕೆ ಹಾಕಲಿಲ್ಲ ಎಂದು ಆಗ ಅನಿಸಿತ್ತು. ಮೆಟ್ರೊ ಸುರಂಗದಲ್ಲಾದರೆ ಗೋಡೆಗುಂಟ ದೀಪವಿರುತ್ತದೆ. ಆದರೆ ಕಿಟಕಿಯಾಚೆ ನೋಡಲು ಅಲ್ಲೇನಿದೆ? ಅಂದಮೇಲೆ ಅವನ್ನು ಯಾರಿಗಾಗಿ ಹಚ್ಚುತ್ತಾರೆ ಎಂದು ಅವರನ್ನೇ ಕೇಳಿದೆ.

“ರೈಲಿಗಲ್ರೀ ಸರ” ಎಂದರು ಹಿರಿಯರು. “ಗಾಡಿಗಿ ದೀಪ ಬೇಕಾಗಿಲ್ಲ. ಅದಕ್ಕ ಹಳಿ ಅದ, ಸಿಗ್ನಲ್ ಅದ, ತಪ್ಪಿ ಆಚೀಚಿ ಹೋಗೂದಿಲ್ಲ. ಸುರಂಗದಾಗ ದೀಪ ಹಚ್ಚೂದು ನಡಕೋಂತ ಹೋಗೂ ಮನಷಾಗ.”

ಅವರು ಚಾಕರಿಯ ಕೆಲವು ವರ್ಷ ಕ್ಯಾಸಲ್‌ರಾಕ್ ಘಟ್ಟದಲ್ಲಿ ಕಳೆದಿದ್ದರು. ಕೈಯಲ್ಲಿ ಸುತ್ತಿಗೆ, ದೀಪ ಹಿಡಿದು ಸುರಂಗದೊಳಗೆ ಹಳಿ ತಪಾಸಣೆಗೆ ಹೋಗುತ್ತಿದ್ದರಂತೆ. ಗಾಡಿಯ ಸಪ್ಪಳ ಕೇಳಿದ ಕೂಡಲೇ ಓಡಿ ಗೋಡೆಯಲ್ಲಿನ ಗೂಡಿನೊಳಗೆ ನಿಲ್ಲಬೇಕು. ಹಾಗೆ ನಿಲ್ಲಲೆಂದೇ ಸುರಂಗದ ಗೋಡೆಯಲ್ಲಿ ಅಲ್ಲಲ್ಲಿ ಗೂಡು ಬಿಟ್ಟಿರುತ್ತಾರೆ. “ಮನಿಯಾಗ ದೀಪ ಇಡೂ ಮಾಡ ಇರ್ತದಲ್ಲ, ಹಂಗ. ಅದರಾಗ ದೀಪದ ಬದ್ಲಿ ನಾವು” ಎಂದು ನಕ್ಕರು. ಅಕ್ಕ ನಗಲಿಲ್ಲ. ಅವರ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು.

ದೀಪ ಹೆಚ್ಚಾದರೂ ತೊಂದರೆಯೇ ಎಂಬುದು ಅವರಿಂದಲೇ ತಿಳಿಯಿತು. ಕತ್ತಲಲ್ಲಿ ಸಿಗ್ನಲ್ಲಿನ ಕೆಂಪು, ಹಸಿರು ದೂರದಿಂದಲೇ ಚೊಕ್ಕವಾಗಿ ಕಾಣುತ್ತವೆ. ನೂರು ದೀಪಗಳ ನಡುವೆ ಅವೂ ಜಾತ್ರೆಯ ದೀಪಗಳಾಗಿಬಿಡುತ್ತವೆ. ಅಷ್ಟೇ ಅಲ್ಲ, ವೇಗವಾಗಿ ಹೋಗುವ ಡ್ರೈವರನ ಕಣ್ಣಿಗೆ ಸಾಲುದೀಪಗಳು ಮಿಣ್ಣ ಮಿಣ್ಣ ಬಡಿಯುತ್ತವೆ. ಜೇವರ್ಗಿ ರಸ್ತೆಯಲ್ಲಿ ಸಂಜೆಯ ಇಳಿಬಿಸಿಲಿಗೆ ಬೇವಿನ ಮರಗಳ ಸಾಲಿನಲ್ಲಿ ಬಸ್ಸು ಹೋಗುವಾಗ ಬೆಳಕು-ನೆರಳು ಕಣ್ಣಿಗೆ ಹೊಡೆದು ತಲೆ ತಿರುಗಿದಂತಾಗುವುದು ನನಗೆ ಗೊತ್ತಿತ್ತು.

ನಾವು ನೋಡಹೊರಟ ಈ ನೆಲದಡಿಯ ರೈಲಿನ ಹುಚ್ಚು ಶುರುವಾದದ್ದು ಲಂಡನ್ನಿನಲ್ಲಿ, 1863ರ ಜನವರಿಯಲ್ಲಿ. ಉಗಿಯ ಎಂಜಿನು, ಡಬ್ಬಿಯೊಳಗೆ ಗ್ಯಾಸಿನ ದೀಪ. 1890ರಲ್ಲಿ ಅಲ್ಲೇ ಆಳದ ಸುರಂಗದಲ್ಲಿ ವಿದ್ಯುತ್ ರೈಲು ಬಿಟ್ಟಾಗ, ಕತ್ತಲಲ್ಲಿ ನೋಡುವುದೇನಿದೆ ಎಂದು ಡಬ್ಬಿಗಳಿಗೆ ಸರಿಯಾದ ಕಿಟಕಿಗಳನ್ನೇ ಇಡಲಿಲ್ಲ. ಜನ ಅವನ್ನು ಮೆತ್ತೆ ಹೊಡೆದ ಜೈಲುಕೋಣೆ ಎಂದು ಅಣಕಿಸಿದರು. ಲೆಕ್ಕ ಹಾಕಿದರೆ ಡಬ್ಬಿ ಮಾಡಿದವರದೇ ಸರಿ, ಆದರೆ ಕಿಟಕಿಯಿಲ್ಲದ ಗಾಡಿಯಲ್ಲಿ ಕೂರಲು ಮನುಷ್ಯನ ಜೀವ ಒಪ್ಪುವುದಿಲ್ಲ.

ರಾತ್ರಿ ಬಹಳ ಹೊತ್ತಾಗಿತ್ತು. ಗಾಡಿ ರಾಜಮಂಡ್ರಿಯ ಗೋದಾವರಿ ಸೇತುವೆ ಹತ್ತಿ ಧಡಧಡ ಎನ್ನತೊಡಗಿದಾಗ ಅಕ್ಕ ಎಚ್ಚರಾಗಿ ಗಂಟಿಗೆ ಕೈಹಾಕಿದಳು. “ಇದಲ್ಲವ್ವ, ಇದು ಗೋದಾವರಿ” ಎಂದೆ. ಕೈಮುಗಿದು ಮತ್ತೆ ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ದೀಪ ಇರುವುದು ನಡೆಯುವ ಮನುಷ್ಯನಿಗೆ ಎಂಬ ಮಾತು ನನ್ನನ್ನು ನಮ್ಮಜ್ಜನ ಹಗೇವಿನ ಬಾಯಿಗೆ ತಂದು ನಿಲ್ಲಿಸಿತ್ತು.

ಈಗಿನ ಹುಡುಗರಿಗೆ ಹಗೇವು ಗೊತ್ತಿಲ್ಲ. ನಮ್ಮ ಕಡೆ ಜೋಳವನ್ನು ನೆಲದೊಳಗೆ ಕೂಡಿಡುತ್ತಿದ್ದರು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹೊಟ್ಟು, ಕಣಿಕೆ ಒತ್ತಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಹತ್ತುತ್ತಿರಲಿಲ್ಲ. ನಾನು ಸಣ್ಣವನಿದ್ದಾಗ ಬರಗಾಲದಲ್ಲಿ ಅಜ್ಜ ಹಗೇವು ತೆಗೆಸಿದ್ದು ನೆನಪಿದೆ. ಕಲ್ಲು ಸರಿಸಿದ ಮೇಲೂ ಅರ್ಧ ದಿನ ಯಾರನ್ನೂ ಹತ್ತಿರ ಬಿಡಲಿಲ್ಲ. ಕಂಬಳಿಯಿಂದ ಗಾಳಿ ಹಾಕಿಸಿದ. ಆಮೇಲೆ ಕಂದೀಲು ಹಚ್ಚಿ, ಹಗ್ಗ ಕಟ್ಟಿ, ಮೆಲ್ಲಗೆ ಒಳಗೆ ಬಿಟ್ಟ. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಅರ್ಧಕ್ಕಿಳಿದ ದೀಪ ಸಣ್ಣಗಾಗಿ, ನೀಲಿಯಾಗಿ, ಆರಿತು. ಅಜ್ಜ ಹಗ್ಗ ಎಳೆದುಕೊಂಡು, “ಇನ್ನೂ ಉಸರ ಕೆಟ್ಟದ” ಎಂದ. ಮತ್ತೆ ಕಂಬಳಿ, ಮತ್ತೆ ಕಂದೀಲು. ಮೂರನೆಯ ಸಲ ದೀಪ ತಳದವರೆಗೂ ಉರಿಯಿತು. ಆಮೇಲೆಯೇ ಆಳು ಇಳಿದ.

ಕಾಳೂ ಉಸಿರಾಡುತ್ತದೆ, ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡು ಬಿಡುತ್ತದೆ, ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲೇ ಕೂತಿರುತ್ತದೆ ಎಂದು ಮುಂದೆ ನಾನೇ ಮಕ್ಕಳಿಗೆ ಪಾಠ ಹೇಳಿದೆ. ಹಾಗೆ ನೋಡದೆ ಇಳಿದು ಜೀವ ಕಳೆದುಕೊಂಡವರ ಕಥೆ ನಮ್ಮ ಸೀಮೆಯ ಊರೂರಲ್ಲಿದೆ. ಅಜ್ಜನ ಕಂದೀಲು ಜೋಳ ನೋಡಲು ಇಳಿದದ್ದಲ್ಲ. ಮನುಷ್ಯ ಇಳಿಯಬಹುದೋ ಇಲ್ಲವೋ ಎಂದು ಕೇಳಿ ಬರಲು ಇಳಿದದ್ದು.

ಬೆಳಿಗ್ಗೆ ಕಣ್ಣು ಬಿಟ್ಟರೆ ಒಡಿಶಾ. ಚಿಲಿಕಾ ಸರೋವರ ಹಳಿಯ ಪಕ್ಕದಲ್ಲೇ ಮಂಜು ಹೊದ್ದು ಮಲಗಿತ್ತು. ಎಲ್ಲಿ ನೋಡಿದರೂ ನೀರು, ಭತ್ತ, ತೆಂಗು. “ಇಷ್ಟ ನೀರಿದ್ದು ಇವರು ಒಂದ ತೊಗರಿ ಗಿಡಾ ಹಚ್ಚಿಲ್ಲಲ್ಲೋ” ಎಂದು ಭಾವ ಮರುಗಿದ. ತೊಗರಿಗೆ ನಿಂತ ನೀರು ಆಗುವುದಿಲ್ಲವೆಂದು ಅವನಿಗೇ ಚೆನ್ನಾಗಿ ಗೊತ್ತು. ಆದರೆ ಊರು ಬಿಟ್ಟು ಹೋದವನ ಕಣ್ಣು ಊರಿನದನ್ನೇ ಹುಡುಕುತ್ತದೆ. ಖರಗಪುರದಲ್ಲಿ ಹಿರಿಯರು ಇಳಿದು ಹೋದರು. ಸಂಜೆಗೆ ಹೌರಾ ಬಂತು.

ಹೌರಾ ಸ್ಟೇಶನ್ನಿನ ಜನಜಂಗುಳಿಯನ್ನು ಹೇಗೆ ಹೇಳಲಿ. ಗಾಣಗಾಪುರದ ದತ್ತ ಜಯಂತಿಯ ಜಾತ್ರೆ ದಿನಾಲೂ ನಡೆದರೆ ಹೇಗೋ ಹಾಗೆ. ಮಕರ ಸಂಕ್ರಾಂತಿಯ ಗಂಗಾಸಾಗರ ಮೇಳಕ್ಕೆ ಹೊರಟ ಸಾಧುಗಳು, ತಲೆಯ ಮೇಲೆ ಗಂಟು ಹೊತ್ತ ಬಿಹಾರದ ಹೆಂಗಸರು. ಹೊರಬಂದರೆ ಎದುರಿಗೇ ಹೌರಾ ಸೇತುವೆ. 1943ರಲ್ಲಿ ತೆರೆದ ಈ ಉಕ್ಕಿನ ಗುಡ್ಡಕ್ಕೆ ನಟ್ಟು-ಬೋಲ್ಟುಗಳಿಲ್ಲ, ಎಲ್ಲ ರಿವೆಟ್ಟಿನ ಬಿಗಿ. ಹೊಳೆಯ ನಡುವೆ ಒಂದು ಕಂಬವೂ ಇಲ್ಲ. ಕಟ್ಟಿಸಂಗಾವಿಯ ಸೇತುವೆಯ ಕಂಬಗಳನ್ನು ಎಣಿಸುತ್ತ ಬೆಳೆದ ನನಗೆ ಅದು ಗಾಳಿಯಲ್ಲಿ ನಿಂತಂತೆ ಕಂಡಿತು. ಅಕ್ಕ ಆಗಲೇ ಸೆರಗಿನ ಗಂಟು ಬಿಚ್ಚತೊಡಗಿದ್ದಳು. ಭಾವ ತಡೆದ. ಮೊದಲು ಕೆಳಗಿನಿಂದ ದಾಟಬೇಕು, ನಾಣ್ಯ ಆಮೇಲೆ.

ಮರುದಿನ ಮುಂಜಾನೆ ಹೌರಾ ಮೆಟ್ರೊ ಸ್ಟೇಶನ್ನಿಗೆ ಇಳಿದೆವು. ಇಳಿದೆವು, ಇಳಿದೆವು, ಇಳಿಯುತ್ತಲೇ ಇದ್ದೆವು. ನೆಲದಿಂದ ಸುಮಾರು 30 ಮೀಟರ್ ಆಳ, ಅಂದರೆ ನೂರು ಅಡಿ. ನಮ್ಮ ಹೊಲದ ಬಾವಿ ಎರಡು ಸೇರಿಸಿದರೂ ಅಷ್ಟಾಗದು. ಓಡುವ ಮೆಟ್ಟಿಲಿಗೆ ಕಾಲಿಡಲು ಅಕ್ಕ ಅಂಜಿ ನಿಂತಾಗ, ಹಿಂದಿದ್ದ ಬಂಗಾಳಿ ಹುಡುಗಿಯೊಬ್ಬಳು “ಎಶೋ ಮಾಶಿ” ಎನ್ನುತ್ತ ಕೈಹಿಡಿದು ಹತ್ತಿಸಿದಳು. ಕೆಳಗೆ ಹೋದಂತೆ ನನಗೆ ಗೊತ್ತಿಲ್ಲದೇ ಮೂಗು ಗಾಳಿಯ ಪರೀಕ್ಷೆ ಮಾಡುತ್ತಿತ್ತು. ಹಗೇವಿನ ಹುಳಿ ವಾಸನೆ ಇಲ್ಲ. ತಣ್ಣನೆಯ, ಆಸ್ಪತ್ರೆಯಂಥ ಚೊಕ್ಕ ಗಾಳಿ.

ಗಾಡಿ ಹೊರಡುವ ಮೊದಲು ಒಂದು ಸಂತೋಷದ ಸಂಗತಿ ಹೇಳಿಬಿಡುತ್ತೇನೆ. ಈ ಮಾರ್ಗದ ಡಬ್ಬಿಗಳನ್ನು ಮಾಡಿದ್ದು ನಮ್ಮ ಬೆಂಗಳೂರಿನ ಬಿಇಎಂಎಲ್. ಹೇಳಿದ ಕೂಡಲೇ ಭಾವ ಬಾಗಿಲಿನ ಅಂಚನ್ನು, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ, ಎರಡು ಸಲ ತಟ್ಟಿದ.

ದೇಶದಲ್ಲಿ ನೆಲದಡಿಯ ರೈಲು ಮೊದಲು ಓಡಿದ್ದೂ ಇದೇ ಕಲ್ಕತ್ತಾದಲ್ಲಿ. 1984ರ ಅಕ್ಟೋಬರ್ 24, ಎಸ್‌ಪ್ಲನೇಡಿನಿಂದ ಭವಾನೀಪುರಕ್ಕೆ, ಮೂರುವರೆ ಕಿಲೋಮೀಟರಿಗೂ ತುಸು ಕಡಿಮೆ. ಹೊಳೆಯ ಕೆಳಗಿನದು ಈಚಿನದು. ರಚನಾ, ಪ್ರೇರಣಾ ಎಂಬ ಹೆಸರಿನ ಎರಡು ಕೊರೆಯುವ ಯಂತ್ರಗಳು 2017ರಲ್ಲಿ ಹೂಗ್ಲಿಯ ತಳದ ಮಣ್ಣನ್ನು ಕೊರೆದು ಆಚೆ ದಂಡೆ ಮುಟ್ಟಿದವು. ಜೋಡಿ ಕೊಳವೆ, ಹೋಗುವುದಕ್ಕೊಂದು, ಬರುವುದಕ್ಕೊಂದು. ಯಂತ್ರ ಮುಂದೆ ಕೊರೆಯುತ್ತ ಹೋದಂತೆ ಹಿಂದೆ ಕಾಂಕ್ರೀಟಿನ ತುಂಡುಗಳನ್ನು ಬಳೆಯಂತೆ ಜೋಡಿಸುತ್ತಾರೆ. ತುಂಡು ತುಂಡಿನ ಸಂದಿಗೆ ನೀರು ತಾಗಿದರೆ ಉಬ್ಬಿಕೊಳ್ಳುವ ರಬ್ಬರು. ಇದನ್ನು ಭಾವನಿಗೆ ತಿಳಿಸಿ ಹೇಳಬೇಕಾಗಲಿಲ್ಲ. ಬೇಸಿಗೆಯಲ್ಲಿ ಬಂಡಿಯ ಗಾಲಿ ಸಡಿಲಾದರೆ ಹೊಳೆಯ ನೀರಿನಲ್ಲಿ ಮುಳುಗಿಸಿಟ್ಟು, ಕಟ್ಟಿಗೆ ಉಬ್ಬಿ ಹಳಿ ಬಿಗಿಯಾಗುವುದನ್ನು ಅವನು ವರ್ಷ ವರ್ಷವೂ ಮಾಡಿದವನು. “ಹಂಗಾದ್ರ ಹೊಳಿ ನೀರೇ ಹೊಳಿ ನೀರಿಗಿ ಬಾಗಲಾ ಹಾಕ್ತದಂದಂಗಾಯ್ತು” ಎಂದ. ಎಂಜಿನಿಯರುಗಳು ಇಷ್ಟು ಚೆನ್ನಾಗಿ ಹೇಳಲಾರರು. ಜನರಿಗೆ ಈ ಸುರಂಗ ತೆರೆದದ್ದು 2024ರ ಮಾರ್ಚಿನಲ್ಲಿ.

ಗಾಡಿ ಹೊರಟಿತು. ಕಿಟಕಿಯಾಚೆ ಕತ್ತಲು, ಮರಗುತ್ತಿಯಲ್ಲಿ ಕಂಡ ಅದೇ ಕತ್ತಲು, ಅದೇ ನನ್ನ ಮುಖ, ಏಳು ವರ್ಷ ಹೆಚ್ಚು ಮುಪ್ಪಾಗಿ. ಗೋಡೆಯ ಬದಿಗೆ ಒಬ್ಬರು ನಡೆಯುವಷ್ಟು ಕಟ್ಟೆ ಸರಕ್ಕನೆ ಕಂಡು ಮರೆಯಾಗುತ್ತಿತ್ತು. ಅದನ್ನು ನೋಡಿದ ಕೂಡಲೇ ವಾಡಿಯ ಹಿರಿಯರ ಮಾತು ನೆನಪಾಯಿತು. ನಡುದಾರಿಯಲ್ಲಿ ಗಾಡಿ ನಿಂತರೆ ಇಷ್ಟು ಜನ ಇಳಿದು ನಡೆಯಬೇಕಾದದ್ದು ಆ ಕಟ್ಟೆಯ ಮೇಲೆ. ಕೆಳಗೆ, ಹಳಿಯ ಪಕ್ಕ, ಗಾಡಿಗೆ ಕರೆಂಟು ಕೊಡುವ ಮೂರನೆಯ ಹಳಿ ಇರುತ್ತದೆ, 750 ವೋಲ್ಟಿನದು. ಕತ್ತಲಲ್ಲಿ ಕಾಲು ಎಲ್ಲಿಡುತ್ತೇವೆಂಬುದು ಅಲ್ಲಿ ಸಣ್ಣ ಮಾತಲ್ಲ. ರಾತ್ರಿ ಓಡಾಟ ನಿಂತ ಮೇಲೆ ಆ ಕರೆಂಟು ತೆಗೆದು ಹಳಿ ತಪಾಸಣೆಗೆ ಕೆಲಸಗಾರರು ಇಳಿಯುತ್ತಾರೆ, ದೀಪ ಅವರದು. ಹಗಲಿನ ಆಪತ್ತಿಗೆ ದೀಪ ನಮ್ಮದು. ಊರಿನ ಕರೆಂಟು ಹೋದರೂ ಉರಿಯುವಂತೆ ಅದಕ್ಕೆ ಬ್ಯಾಟರಿಯ ಬೆಂಬಲ. ಮೆಟ್ರೊಗಳವರು ಪಾಲಿಸುವ ಸುರಕ್ಷತಾ ನಿಯಮದಲ್ಲಿ ಆ ಕಟ್ಟೆಯ ಮೇಲೆ ಬೀಳಬೇಕಾದ ಬೆಳಕಿಗೂ ಅಳತೆಯಿದೆ, ಕಡಿಮೆಯೆಂದರೆ 2.7 ಲಕ್ಸ್. ನಮ್ಮ ಹೊಲದ ಹುಣ್ಣಿಮೆಯ ಬೆಳದಿಂಗಳ ಹತ್ತು ಪಟ್ಟು ಎಂದಿಟ್ಟುಕೊಳ್ಳಿ. ಓದಲು ಸಾಲದು, ಎಡವದೆ ನಡೆಯಲು ಸಾಕು. ಹೊಳೆಯ ದಂಡೆಯ ಸ್ಟ್ರಾಂಡ್ ರಸ್ತೆಯಲ್ಲಿ, ಒಳಗೆ ಗಾಳಿಯಾಡಲಿಕ್ಕೂ, ಆಪತ್ತಿನಲ್ಲಿ ಜನ ಮೇಲೆ ಹತ್ತಿ ಬರಲಿಕ್ಕೂ ಬಾವಿಯಂಥದೊಂದು ದಾರಿಯನ್ನು ತೋಡಿದ್ದಾರೆ. ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕಾಲುವೆ ನೆಲದೊಳಗೆ ಹರಿಯುತ್ತದಲ್ಲ, ಅದಕ್ಕೂ ಮೇಲಿನಿಂದ ಸಾಲಾಗಿ ಬಾವಿಬಾಯಿಗಳನ್ನು ಬಿಟ್ಟಿದ್ದಾರೆ. ತೋಡಿದವರು ಆರು ನೂರು ವರ್ಷಗಳ ಹಿಂದೆಯೂ ಅದೇ ಕಾಳಜಿ ಪಟ್ಟವರು.

ಇಷ್ಟೆಲ್ಲ ನಾನು ಯೋಚಿಸುತ್ತಿರುವಾಗ ಡಬ್ಬಿಯಲ್ಲಿ “ಹೋ” ಎಂದು ಕೂಗೆದ್ದಿತು. ಕಿಟಕಿಗಳೆಲ್ಲ ನೀಲಿಯಾದವು.

ಅದು ಅಂಥ ದೊಡ್ಡ ಬೆಳಕೇನಲ್ಲ. ಸುರಂಗದ ಗೋಡೆಯಗುಂಟ ನೀಲಿ ದೀಪಗಳು, ಅಷ್ಟೇ. ಆದರೆ ಎಲ್ಲರ ಮುಖ, ಅಂಗಿ, ಭಾವನ ಬಿಳಿ ಧೋತರ, ಅಕ್ಕನ ಹಸಿರು ಬಳೆ, ಎಲ್ಲ ನೀರಿನೊಳಗೆ ಅದ್ದಿದಂತಾದವು. ಆಫೀಸಿಗೆ ಹೊರಟವರು ತಲೆಯೆತ್ತಲಿಲ್ಲ. ನಮ್ಮಂಥ ಹೊಸಬರು ಫೋನು ಎತ್ತಿ ಹಿಡಿದರು. ಈ ದೀಪ ಕೆಲಸಗಾರನಿಗಲ್ಲ, ಇಳಿದು ನಡೆಯುವವನಿಗಲ್ಲ. ಇದು ಕೂತವನಿಗೆ. ಈಗ ನಿನ್ನ ತಲೆಯ ಮೇಲೆ ಹೊಳೆ ಇದೆ ಎಂದು ಹೇಳಲಿಕ್ಕೆ. ಈ ಮಾತು ಹೇಳದಿದ್ದರೆ ಗೊತ್ತಾಗುವ ಬೇರೆ ದಾರಿಯೇ ಇಲ್ಲ. ಸೇತುವೆಯಲ್ಲಾದರೆ ಸಪ್ಪಳ ಬದಲಾಗುತ್ತದೆ, ಗಾಳಿ ತಂಪಾಗುತ್ತದೆ. ಇಲ್ಲಿ ಮಣ್ಣೂ ಒಂದೇ, ನೀರೂ ಒಂದೇ, ಎರಡೂ ಕತ್ತಲು. 520 ಮೀಟರ್ ಹೊಳೆ, ದಾಟಲು ಹಿಡಿಯುವುದು ಸುಮಾರು 45 ಸೆಕೆಂಡು.

ಅಕ್ಕ ಅವಸರದಲ್ಲಿ ಗಂಟು ಬಿಚ್ಚಿ ನಾಣ್ಯ ಕೈಗೆ ತೆಗೆದುಕೊಂಡಿದ್ದಳು. ಕಿಟಕಿ ತೆರೆಯುವುದಿಲ್ಲ. ತೆರೆದರೂ ಎಲ್ಲಿ ಎಸೆಯುವುದು? ಗಂಗೆ ಕೆಳಗಿಲ್ಲ. ಅವಳು ಒಂದು ಕ್ಷಣ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದಳು. ಆಮೇಲೆ ಮುಖ ಮೇಲೆತ್ತಿ, ಡಬ್ಬಿಯ ಚಾವಣಿಗೆ ಕೈಮುಗಿದು, “ಶಿವಗ ಒಬ್ಬಗೇ ಗಂಗವ್ವ ತಲಿ ಮ್ಯಾಲ ಇರ್ತಾಳಂತಿದ್ರು. ಇವತ್ತ ನಮಗೂ ಬಂದಾಳ ನೋಡೋ ತಮ್ಮಾ” ಎಂದಳು. ಪಕ್ಕದಲ್ಲಿ ನಿಂತ ಬಂಗಾಳಿ ಹಿರಿಯರೊಬ್ಬರಿಗೆ ಭಾಷೆ ತಿಳಿಯಲಿಲ್ಲ, ಆದರೆ ಅವರೂ ಮೇಲೆ ನೋಡಿ ಹಣೆಗೆ ಕೈ ಮುಟ್ಟಿಸಿಕೊಂಡರು. ಅಷ್ಟರಲ್ಲಿ ನೀಲಿ ಹೋಯಿತು. ಮಹಾಕರಣ್ ಸ್ಟೇಶನ್ ಬಂತು. ಭಾವ, “ಇಷ್ಟೇನಾ?” ಎಂದ. ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆಯಿಂದ ಬಂದದ್ದು ಮುಕ್ಕಾಲು ನಿಮಿಷಕ್ಕೆ.

ಹಾಗೆ ಅಂದವನೇ ಎಸ್‌ಪ್ಲನೇಡಿನವರೆಗೆ ಹೋಗಿ, ಮತ್ತೆ ಹೌರಾಕ್ಕೆ, ಮತ್ತೆ ಮಹಾಕರಣಿಗೆ ಎಂದು ನಮ್ಮನ್ನು ಇನ್ನೆರಡು ಸಲ ಗಂಗೆಯ ಕೆಳಗೆ ಹಾಯಿಸಿದ. ಮೂರನೆಯ ಸಲಕ್ಕೆ ಅಕ್ಕ ಕೂತಲ್ಲೇ ತೂಕಡಿಸುತ್ತಿದ್ದಳು. ಬೆರಗು ಇಷ್ಟು ಬೇಗ ಹಳತಾಗುತ್ತದೆ.

ಹೊರಬಂದು ಫೇರ್ಲಿ ಘಾಟಿನವರೆಗೆ ನಡೆದು ಹೌರಾಕ್ಕೆ ಮರಳುವ ಲಾಂಚು ಹತ್ತಿದೆವು. ಕಂದು ನೀರು, ಗೊಂಡೆಹೂವಿನ ಮಾಲೆಗಳು ತೇಲುತ್ತಿದ್ದವು, ಎಡಕ್ಕೂ ಬಲಕ್ಕೂ ಸ್ನಾನದ ಮೆಟ್ಟಿಲು. ನಡುಹೊಳೆಯಲ್ಲಿ ಅಕ್ಕ ಎದ್ದು ಕಟಕಟೆಯ ಹತ್ತಿರ ಹೋಗಿ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ನೀರಿಗೆ ಬಿಟ್ಟಳು. ಜನವರಿಯ ಭೀಮೆಯಾಗಿದ್ದರೆ ಅದು ತಳ ಮುಟ್ಟಿ ಮಿನುಗುವುದೂ ಕಾಣುತ್ತಿತ್ತು. ಇಲ್ಲಿ ಒಂದು ಸಣ್ಣ ಸಪ್ಪಳವೂ ಕೇಳಲಿಲ್ಲ.

ಅವಳು ಬಹಳ ಹೊತ್ತು ಬಗ್ಗಿ ನೋಡುತ್ತ ನಿಂತಳು, ನಮ್ಮಜ್ಜ ಹಗೇವಿನ ಬಾಯಲ್ಲಿ ನಿಂತ ಹಾಗೆ.

“ಈಗ ಗಾಡಿ ಹೊಂಟಿರಬೇಕೇನೋ, ತಳಗ?”

“ಹೊಂಟಿರಬಹುದು.”

“ದೀಪ ಹತ್ತ್ಯಾವೇನು?”

ನಾನು ಗಡಿಯಾರ ನೋಡಿಕೊಂಡು ಒಂದು, ಎರಡು, ಮೂರು ಎಂದು ಎಣಿಸತೊಡಗಿದೆ. ನಲವತ್ತೈದಾಗುವ ಮೊದಲೇ ಲಾಂಚು ಹೌರಾ ದಂಡೆಗೆ ಬಡಿಯಿತು.